ಬಂದ ನೀರು ಹೋಗಲೇಬೇಕು: ಚರಂಡಿಯ ದಾರಿಯಲ್ಲಿ ವಿಶ್ವೇಶ್ವರಯ್ಯನವರ ಜೀವನ

ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಶಾಲೆಯಲ್ಲಿ ಹೇಳುವಾಗ ನಾವು ಸಾಮಾನ್ಯವಾಗಿ ಕನ್ನಂಬಾಡಿ ಕಟ್ಟೆಯಿಂದ ಹೊರಡುತ್ತೇವೆ. ಬೀದಿದೀಪ, ಮೇಣದಬತ್ತಿ, ರೈಲು ಇವುಗಳ ಕಥೆ ಸೇರಿಸಿ ಪಾಠ ಮುಗಿಸುತ್ತೇವೆ. ಬಿಜೂರಿನಲ್ಲಿ ಬೋಧನಾಭ್ಯಾಸ ಮಾಡುತ್ತಿದ್ದಾಗ ಎಂಟನೆಯ ತರಗತಿಗೆ ನಾನು ಮೂರು ಪೀರಿಯಡ್‌ಗಳಲ್ಲಿ ಹೇಳಿದ ಜೀವನಚರಿತ್ರೆ ಚರಂಡಿಯಿಂದ ಹೊರಟಿತು. ಅಣೆಕಟ್ಟಿನ ಇಂಜಿನಿಯರ್ ಎಂದು ಮಕ್ಕಳು ಬಲ್ಲ ಈ ವ್ಯಕ್ತಿ ಕನ್ನಂಬಾಡಿಗೆ ಬರುವ ಮೊದಲು ಬಹಳ ವರ್ಷ ಊರುಗಳಿಗೆ ನೀರು ತರುವ ಮತ್ತು ಬಳಸಿದ ನೀರನ್ನು ಊರಾಚೆ ಕಳಿಸುವ ಕೆಲಸದಲ್ಲಿದ್ದರು. ಆ ವರ್ಷಗಳ ಬಗ್ಗೆ ಪಠ್ಯಪುಸ್ತಕದಲ್ಲಿ ಹೆಚ್ಚೆಂದರೆ ಒಂದು ಸಾಲು ಇರುತ್ತದೆ. ಆ ಒಂದು ಸಾಲನ್ನು ಬಿಡಿಸಿ ಹೇಳುವುದೇ ನನ್ನ ಪಾಠದ ಉದ್ದೇಶವಾಗಿತ್ತು.

ಬಿಜೂರಿನಲ್ಲಿ ಒಳಚರಂಡಿ ಇಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡ, ನಡುವೆ ಹೆದ್ದಾರಿ ಮತ್ತು ಕೊಂಕಣ ರೈಲ್ವೆಯ ಹಳಿ. ಮನೆಗಳು ಒಂದಕ್ಕೊಂದು ದೂರ. ಬಚ್ಚಲ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ, ಪಾಯಿಖಾನೆಯ ನೀರು ಗುಂಡಿಗೆ ಹೋಗುತ್ತದೆ. ಇಂಥ ಊರಿನ ಮಕ್ಕಳಿಗೆ ನಗರದ ಚರಂಡಿಯ ಪಾಠವೇಕೆ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ಪೂರ್ವಜ್ಞಾನ ಪರೀಕ್ಷೆಯಲ್ಲೇ ಅದಕ್ಕೆ ಉತ್ತರ ಸಿಕ್ಕಿತು. ಮನೆಯವರು ಯಾರಾದರೂ ಬೆಂಗಳೂರು, ಹುಬ್ಬಳ್ಳಿ, ಮುಂಬಯಿಯ ಹೋಟೆಲಿನಲ್ಲಿ ಇದ್ದಾರೆಯೇ ಎಂದು ಕೇಳಿದಾಗ ತರಗತಿಯ ತುಂಬ ಕೈಗಳು ಎದ್ದವು. ಒಬ್ಬರ ಅಪ್ಪಯ್ಯ ಕ್ಯಾಶಿನಲ್ಲಿ, ಇನ್ನೊಬ್ಬರ ಮಾವ ಅಡಿಗೆಯಲ್ಲಿ, ಮತ್ತೊಬ್ಬರ ಅಣ್ಣ ಸಪ್ಲೈಯಲ್ಲಿ. ಈ ಮಕ್ಕಳಲ್ಲಿ ಅನೇಕರು ಇನ್ನು ಹತ್ತು ವರ್ಷದೊಳಗೆ ಯಾವುದಾದರೊಂದು ನಗರದಲ್ಲಿ ಪಾತ್ರೆ ತೊಳೆದ ನೀರನ್ನು ಚರಂಡಿಗೆ ಬಿಡುವವರೇ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ಆ ದಿನವನ್ನೇ ನಾವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿ ಬಂದ ಹಣದಲ್ಲಿ ಓದು ಸಾಗಿತು. ಅಂದರೆ ಅವರು ಮೊದಲು ಸಂಪಾದಿಸಿದ್ದು ಮೇಷ್ಟರಾಗಿ. ಈ ಸಂಗತಿ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಇಷ್ಟವಾಗುವಂಥದು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇರಿದರು. ನಾಸಿಕ, ಖಾನದೇಶಗಳಲ್ಲಿ ಕೆಲಸ ಶುರುವಾಯಿತು.

ಆ 1884ನೇ ಇಸವಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಅದರ ಪಕ್ಕಕ್ಕೆ ಇನ್ನೊಂದು ಹೆಸರು ಬರೆದೆ. ಅದೇ ವರ್ಷ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯರು ಕಲ್ಕತ್ತೆಯಲ್ಲಿ ಕಾಲರಾ ರೋಗದ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ತೋರಿಸಿದರು. ರೋಗಿಯ ಮಲ ಸೇರಿದ ನೀರು ಕುಡಿಯುವ ನೀರಿಗೆ ಬೆರೆತರೆ ಊರಿಗೆ ಊರೇ ಮಲಗುತ್ತದೆ ಎಂಬುದು ಆಗ ಸ್ಪಷ್ಟವಾಗುತ್ತಿದ್ದ ಕಾಲ. 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂತು. ಪ್ಲೇಗು ಹರಡುವುದು ಇಲಿಯ ಚಿಗಟದಿಂದ, ಆದರೂ ಇಕ್ಕಟ್ಟಿನ ಗಲ್ಲಿ ಮತ್ತು ಹೊಲಸಿನ ಬಗ್ಗೆ ನಗರಗಳಿಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಇಂಥ ಕಾಲದಲ್ಲಿ ಕೆಲಸಕ್ಕೆ ಸೇರಿದ ತರುಣ ಇಂಜಿನಿಯರನಿಗೆ ನೀರು, ಚರಂಡಿ ಎರಡೂ ಜನರ ಜೀವದ ಪ್ರಶ್ನೆಯಾಗಿದ್ದವು.

ಸಕ್ಕರದ ಬಾವಿ

1894ರಲ್ಲಿ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ ಪಟ್ಟಣಕ್ಕೆ ಕಳಿಸಲಾಯಿತು. ಅದು ಸಿಂಧೂ ನದಿಯ ದಂಡೆಯ ಊರು. ನೀರಿಗೆ ಬರವಿಲ್ಲ, ಆದರೆ ನೀರು ಕೆಸರು. ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲೇ, ದಡದ ಹತ್ತಿರ, ಬಾವಿ ತೋಡಿಸಿದರು. ಮರಳಿನ ಪದರದ ಮೂಲಕ ಇಳಿದು ಬಂದ ನೀರು ಬಾವಿಯಲ್ಲಿ ತಿಳಿಯಾಗಿ ನಿಂತಿತು. ಅದನ್ನು ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ ಊರಿಗೆ ಹಂಚಲಾಯಿತು. 1895ರಲ್ಲಿ ಕೆಲಸ ಮುಗಿಯಿತು. ಬಿಜೂರಿನ ಮಕ್ಕಳಿಗೆ ಇದನ್ನು ವಿವರಿಸುವ ಶ್ರಮವೇ ಬೀಳಲಿಲ್ಲ. ಕಡಲಿಗೆ ಹತ್ತಿರದ ಮನೆಗಳ ಬಾವಿಯಲ್ಲೂ ಹೊಯ್ಗೆಯೇ ನೀರು ಸೋಸುತ್ತದೆ ಎಂದು ಅವರೇ ಹೇಳಿದರು.

ಇಲ್ಲೊಂದು ಸಂಗತಿಯನ್ನು ಇತಿಹಾಸ ಪಾಠದೊಂದಿಗೆ ಜೋಡಿಸಲು ಸಾಧ್ಯವಾಯಿತು. ಸಕ್ಕರದಿಂದ ಅದೇ ನದಿಯ ಗುಂಟ ಕೆಳಗೆ ಹೋದರೆ ಮೊಹೆಂಜೊದಾರೊ. ವಿಶ್ವೇಶ್ವರಯ್ಯನವರು ಸಕ್ಕರದಲ್ಲಿದ್ದಾಗ ಅದು ಮಣ್ಣಿನ ದಿಬ್ಬ ಮಾತ್ರ. ಉತ್ಖನನ ಶುರುವಾಗಿದ್ದು 1922ರಲ್ಲಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಆ ಊರಿನವರು ಬೀದಿಯುದ್ದಕ್ಕೂ ಇಟ್ಟಿಗೆಯ ಚರಂಡಿ ಕಟ್ಟಿ, ಮೇಲೆ ಹಾಸು ಮುಚ್ಚಿ, ಹೂಳು ತೆಗೆಯಲು ಅಲ್ಲಲ್ಲಿ ಗುಂಡಿ ಬಿಟ್ಟಿದ್ದರು. ಚರಂಡಿ ಕಟ್ಟಿದರೆ ಸಾಲದು, ಅದನ್ನು ತೆರೆದು ನೋಡುವ ಜಾಗವೂ ಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಮುಂದೆ ಸೂರತ್, ಪುಣೆ ಮೊದಲಾದ ಊರುಗಳ ಕೆಲಸ. 1901ರಲ್ಲಿ ಅವರು ಮುಂಬಯಿ ಸರ್ಕಾರದ ನೈರ್ಮಲ್ಯ ಇಂಜಿನಿಯರ್ ಮತ್ತು ನೈರ್ಮಲ್ಯ ಮಂಡಳಿಯ ಸದಸ್ಯರಾದರು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಾಪುರಗಳಂಥ ಕನ್ನಡ ಊರುಗಳ ನೀರಿನ ಯೋಜನೆಗಳಲ್ಲೂ ಅವರ ಕೈ ಇತ್ತು. 1906ರಲ್ಲಿ ಸರ್ಕಾರ ಅವರನ್ನು ಕಡಲಾಚೆಯ ಏಡನ್ ಬಂದರಿಗೆ ಕಳಿಸಿ, ಅಲ್ಲಿನ ನೀರು ಮತ್ತು ಚರಂಡಿಯ ಬಗ್ಗೆ ವರದಿ ಕೇಳಿತು. ಮಳೆಯೇ ಅಪರೂಪವಾದ ಊರು ಅದು. ಮಳೆ ಸುರಿದೇ ಸುರಿಯುವ ಕರಾವಳಿಯ ಮಕ್ಕಳಿಗೆ ಏಡನ್ನಿನ ಕಷ್ಟ ಊಹಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮೂಸಿ ನದಿ

1908ರಲ್ಲಿ ಅವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸ ಹೊರಟರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿತು. ಮೇಲಿನ ಕೆರೆಗಳ ಏರಿಗಳು ಒಂದರ ಹಿಂದೊಂದು ಒಡೆದು, ಆ ನೀರೂ ಸೇರಿ, ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಕರೆ ಕಳಿಸಿತು. 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿಗೆ ಬಂದರು.

ಅವರಿಗೆ ವಹಿಸಿದ ಕೆಲಸ ಎರಡು. ಒಂದು, ಪ್ರವಾಹದಿಂದ ಊರನ್ನು ಕಾಯುವುದು. ಇದಕ್ಕೆ ಊರಿನ ಮೇಲ್ಭಾಗದಲ್ಲಿ ನೀರು ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ಮುಂದೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಇದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಎರಡನೆಯ ಕೆಲಸವೆಂದರೆ ನಗರಕ್ಕೆ ಒಳಚರಂಡಿಯ ಯೋಜನೆ ಹಾಕಿಕೊಡುವುದು. ಮನೆಗಳ ಹೊಲಸು ಬೀದಿಯ ತೆರೆದ ಮೋರಿಗೆ, ಮೋರಿಯದು ನದಿಗೆ ಎಂಬ ಏರ್ಪಾಟು ತಪ್ಪಿ, ನೆಲದಡಿಯ ಕೊಳವೆಗಳಲ್ಲಿ ಅದು ಊರಾಚೆ ಹೋಗಬೇಕಿತ್ತು. ಅಣೆಕಟ್ಟು ಒಂದು ಜಾಗದಲ್ಲಿ ನಿಲ್ಲುತ್ತದೆ. ಒಳಚರಂಡಿ ಪ್ರತಿ ಗಲ್ಲಿಗೂ, ಪ್ರತಿ ಮನೆಗೂ ಹೋಗಬೇಕು. ಹೀಗಾಗಿ ಆ ಕೆಲಸ ವರ್ಷಗಟ್ಟಲೆ ಎಳೆಯಿತು. 1922ರಲ್ಲಿ ಮತ್ತು 1930ರಲ್ಲಿ ಹೈದರಾಬಾದು ಅವರನ್ನು ಸಲಹೆಗಾಗಿ ಮತ್ತೆ ಕರೆಸಿಕೊಂಡಿತು. ಯೋಜನೆ ಹಾಕಿದ ಇಪ್ಪತ್ತೊಂದು ವರ್ಷದ ಮೇಲೂ ಅದೇ ಊರಿಗೆ ಬಂದು ನೋಡಿದ ಈ ಸಂಗತಿಯನ್ನು ಮಕ್ಕಳು ಗಮನಿಸಲಿ ಎಂದು ಮೂರೂ ಇಸವಿಗಳನ್ನು ಒಂದರ ಕೆಳಗೊಂದು ಬರೆಸಿದೆ. ನಗರದ ನೀರಿನ ಕೆಲಸ ಕಟ್ಟಿದ ದಿನಕ್ಕೆ ಮುಗಿಯುವುದಿಲ್ಲ.

ದಂಬೆಯ ಪ್ರಯೋಗ

ಒಳಚರಂಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸದೆ ಈ ಜೀವನಚರಿತ್ರೆ ಮುಂದೆ ಹೋಗುವುದಿಲ್ಲ. ಬೋಧನೋಪಕರಣವಾಗಿ ಒಂದು ಅಡಿಕೆ ದಂಬೆ ತರಿಸಿದೆ. ತೋಟಕ್ಕೆ ನೀರು ಹಾಯಿಸಲು ಅಡಿಕೆ ಮರ ಸೀಳಿ ಮಾಡುವ ದಂಬೆಯನ್ನು ಎಲ್ಲ ಮಕ್ಕಳೂ ಬಲ್ಲರು. ಅದನ್ನು ಶಾಲೆಯ ಜಗಲಿಯ ಮೇಲೆ ಇಟ್ಟು, ಒಂದು ತುದಿಗೆ ಪುಸ್ತಕಗಳ ಮೇಲೆ ಪುಸ್ತಕ ಇಟ್ಟು ಎತ್ತರ ಬದಲಾಯಿಸಿದೆವು. 120 ಸೆಂಟಿಮೀಟರು ಅಳೆದು ಎರಡು ಗೆರೆ ಹಾಕಿದೆವು. ಒಂದು ಹಿಡಿ ಹೊಯ್ಗೆ ಹಾಕಿ ತಂಬಿಗೆಯಿಂದ ನೀರು ಬಿಟ್ಟೆವು. ಇಳಿಜಾರು ಕಡಿಮೆ ಇದ್ದಾಗ ನೀರು ಹೋಯಿತು, ಹೊಯ್ಗೆ ಉಳಿಯಿತು. ಇಳಿಜಾರು ಹೆಚ್ಚಿಸಿದಂತೆ ಹೊಯ್ಗೆಯೂ ನೀರಿನೊಂದಿಗೆ ಹೊರಟಿತು.

ಚರಂಡಿ ಇಂಜಿನಿಯರಿಂಗ್‌ನ ಮೂಲಸೂತ್ರ ಇಷ್ಟೇ. ಕೊಳವೆಯೊಳಗೆ ನೀರನ್ನು ತಳ್ಳುವವರು ಯಾರೂ ಇಲ್ಲ, ಇಳಿಜಾರೇ ಅದನ್ನು ಎಳೆಯಬೇಕು. ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರಾದರೂ ಸಾಗಿದರೆ ಹೂಳು ತಳದಲ್ಲಿ ಕೂರದೆ ತಾನೇ ತೊಳೆದು ಹೋಗುತ್ತದೆ. ನಮ್ಮ ದಂಬೆಯಲ್ಲಿ ತೇಲಿಬಿಟ್ಟ ಬತ್ತದ ಕಾಳು ಎರಡು ಗೆರೆಗಳ ನಡುವಿನ ದಾರಿಯನ್ನು ಎರಡು ಸೆಕೆಂಡಿನಲ್ಲಿ ದಾಟಿದರೆ ಆ ವೇಗ. ನೀರು ತೀರಾ ಜೋರಾದರೆ ಕೊಳವೆಯೇ ಸವೆಯುತ್ತದೆ. ಕೊಳವೆ ಎಂದೂ ತುಂಬಿ ಹರಿಯುವಂತಿಲ್ಲ, ಮೇಲೆ ಗಾಳಿಗೆ ಜಾಗ ಬೇಕು. ಕೊಳವೆ ತಿರುಗುವಲ್ಲಿ, ಕೂಡುವಲ್ಲಿ, ನೇರ ಸಾಗುವಾಗಲೂ ಸಣ್ಣ ಕೊಳವೆಯಾದರೆ ಸುಮಾರು 30 ಮೀಟರಿಗೊಂದರಂತೆ ಆಳುಗುಂಡಿ ಬೇಕು.

ಆಮೇಲೆ ಹೊಯ್ಗೆಯ ಜಾಗದಲ್ಲಿ ಪಾತ್ರೆ ತಿಕ್ಕುವ ತೆಂಗಿನ ನಾರು, ತಲೆಕೂದಲು, ಚಾ ಚರಟ, ಬಟ್ಟೆಯ ಚೂರು ಒಂದೊಂದಾಗಿ ಹಾಕಿದೆವು. ನಾರು ದಂಬೆಯ ಸಣ್ಣ ಸಿಬಿರಿಗೆ ಸಿಕ್ಕಿಕೊಂಡಿತು, ಕೂದಲು ನಾರಿಗೆ ಸುತ್ತಿಕೊಂಡಿತು, ಚರಟ ಅದರ ಹಿಂದೆ ನಿಂತಿತು. ಕೊನೆಗೆ ಬಿಸಿ ಮಾಡಿದ ತೆಂಗಿನೆಣ್ಣೆ ಸುರಿದು, ಮೀನಿನ ಗಾಡಿಯಿಂದ ತಂದ ಮಂಜುಗಡ್ಡೆಯ ನೀರು ಬಿಟ್ಟೆವು. ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ನಾರು, ಕೂದಲು, ಚರಟ ಎಲ್ಲವನ್ನೂ ಒಂದು ಮುದ್ದೆ ಮಾಡಿತು. ಚಳಿಗಾಲದ ಬೆಳಿಗ್ಗೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾಗುವುದನ್ನು ಕಂಡ ಮಕ್ಕಳಿಗೆ, ಬಿಸಿಯಾಗಿ ಹೋದದ್ದು ನೆಲದಡಿಯಲ್ಲಿ ತಣ್ಣಗಾಗಿ ಕಲ್ಲಾಗುವುದು ಹೇಗೆಂದು ಬೇರೆ ಹೇಳಬೇಕಾಗಲಿಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎಂಬಲ್ಲಿ ಇಂಥದೇ ಜಿಡ್ಡಿನ ಮುದ್ದೆ 250 ಮೀಟರ್ ಉದ್ದ, 130 ಟನ್ ತೂಕಕ್ಕೆ ಬೆಳೆದು ಚರಂಡಿ ಕಟ್ಟಿತ್ತು. ಅಡಿಗೆಯ ಜಿಡ್ಡಿಗೆ, ನೀರಿನಲ್ಲಿ ಕರಗದ ಒರೆಸುವ ಬಟ್ಟೆಗಳು ಅಂಟಿಕೊಂಡು ಆದದ್ದು ಅದು.

ಕನ್ನಂಬಾಡಿಯ ನೀರು ಎಲ್ಲಿ ಹೋಗುತ್ತದೆ

ಎರಡನೆಯ ಪೀರಿಯಡ್‌ನಲ್ಲಿ ಮಕ್ಕಳು ಕಾಯುತ್ತಿದ್ದ ಕನ್ನಂಬಾಡಿ ಬಂತು. 1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. 1912ರಿಂದ 1918ರವರೆಗೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು. ನಾವು ಶಿಕ್ಷಕರಾಗಲು ಹೊರಟವರು ಈ ಪಟ್ಟಿಯಲ್ಲಿ ಕಡ್ಡಾಯ ಶಿಕ್ಷಣದ ಹೆಸರನ್ನು ಬಿಟ್ಟು ಓದಬಾರದು.

ಆಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ. ಕನ್ನಂಬಾಡಿಯಿಂದ ಕೆಳಗೆ ಹರಿದ ಕಾವೇರಿ ನೀರನ್ನು ಈಗ ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಐದನೆಯ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನದು. ಇಷ್ಟು ನೀರು ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ತರಗತಿ ಸುಮ್ಮನಾಯಿತು. ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎಂದು ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಬಿಜೂರಿನಲ್ಲಿ ಅದನ್ನು ಕುಡಿಯಲು ತೆಂಗಿನ ಮರವಿದೆ. ಬೆಂಗಳೂರಿನ ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ತೆಂಗಿನ ಬುಡವಿಲ್ಲ. ಅಲ್ಲಿ ಇರುವುದು ಕೊಳವೆ ಮಾತ್ರ. ವಿಶ್ವೇಶ್ವರಯ್ಯನವರು ಹೈದರಾಬಾದಿನಲ್ಲಿ ಜಲಾಶಯ, ಒಳಚರಂಡಿ ಎರಡನ್ನೂ ಒಟ್ಟಿಗೇ ಕೈಗೆತ್ತಿಕೊಂಡ ಅರ್ಥ ಇಲ್ಲಿ ಬಿಡಿಸಿಕೊಂಡಿತು. ನೀರು ತರುವವರು ನೀರು ಕಳಿಸುವ ದಾರಿಯನ್ನೂ ಮಾಡಬೇಕು.

ಬೆಂಗಳೂರಿನಲ್ಲಿ ಆ ದಾರಿಯನ್ನು ನೋಡಿಕೊಳ್ಳುವುದು 1964ರಲ್ಲಿ ಹುಟ್ಟಿದ ಜಲಮಂಡಳಿ. ಅವರ ಕೆಲಸವನ್ನು ಕಪ್ಪುಹಲಗೆಯ ಮೇಲೆ ಹೀಗೆ ಕ್ರಮವಾಗಿ ಬರೆದೆ. ಮನೆಯ ಕೊಳವೆ ಗಡಿಯಲ್ಲಿರುವ ಚೇಂಬರಿಗೆ, ಚೇಂಬರಿನಿಂದ ಬೀದಿಯ ಕೊಳವೆಗೆ, ಬೀದಿಯದು ದೊಡ್ಡ ಕೊಳವೆಗೆ, ಅದು ತಗ್ಗಿನ ಕಣಿವೆಯಲ್ಲಿರುವ ಶುದ್ಧೀಕರಣ ಘಟಕಕ್ಕೆ. ಇಳಿಜಾರು ಸಿಗದಲ್ಲಿ ಪಂಪು. ಮಳೆಗಾಲಕ್ಕೆ ಮೊದಲು ಹೂಳು ತೆಗೆಯಬೇಕು. ಕಟ್ಟಿಕೊಂಡಲ್ಲಿ ಜೆಟ್ಟಿಂಗ್ ಯಂತ್ರ ಕೊಳವೆಯೊಳಗೆ ರಭಸದ ನೀರು ಬಿಟ್ಟು ಕಟ್ಟು ಒಡೆಯುತ್ತದೆ, ಸಕ್ಕಿಂಗ್ ಯಂತ್ರ ಹೂಳನ್ನು ಹೀರಿ ಟ್ಯಾಂಕಿಗೆ ತುಂಬುತ್ತದೆ. ಬಿರುಕಿನಿಂದ ಬೇರು ನುಗ್ಗಿದ ಕೊಳವೆ, ಕುಸಿದ ಕೊಳವೆ ಬದಲಾಯಿಸಬೇಕು. ದೂರು ಹೇಳಲು 1916 ಎಂಬ ಸಂಖ್ಯೆ ಇದೆ.

ನಮ್ಮ ಕೈಯಲ್ಲಿರುವುದು

ಇದಾದ ಮೇಲೆ ದಂಬೆಯಲ್ಲಿ ಕಂಡದ್ದನ್ನು ಮನೆಗೆ ಅನ್ವಯಿಸಲು ಗುಂಪುಗಳಿಗೆ ಹೇಳಿದೆ. ಮಕ್ಕಳು ಮಾಡಿದ ಪಟ್ಟಿಯನ್ನು ಸ್ವಲ್ಪ ಜೋಡಿಸಿ ಇಲ್ಲಿ ಕೊಡುತ್ತೇನೆ.

ಎಣ್ಣೆ ಬಾಣಲೆಯನ್ನು ತೊಳೆಯುವ ಮೊದಲು ಹಳೆಯ ಕಾಗದದಿಂದ ಒರೆಸಿ, ಕಾಗದವನ್ನು ಕಸಕ್ಕೆ ಹಾಕಬೇಕು. ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು. ಬಿಸಿನೀರು ಬಿಟ್ಟರೆ ಅದು ಮುಂದಿನ ಮನೆಯ ಎದುರು ಹೋಗಿ ಗಟ್ಟಿಯಾಗುತ್ತದೆ, ಅಷ್ಟೇ. ಸಿಂಕಿನ ಬಾಯಿಗೂ ಬಚ್ಚಲ ಬಾಯಿಗೂ ಜಾಲರಿ ಇರಬೇಕು, ಅನ್ನದ ಅಗುಳು, ಚರಟ, ಕೂದಲನ್ನು ದಿನವೂ ಎತ್ತಿ ತೆಗೆಯಬೇಕು. ಪಾತ್ರೆ ತಿಕ್ಕಿದ ಬೂದಿ, ಮಣ್ಣು, ನಾರು ಕೊಳವೆಗೆ ಹೋಗಬಾರದು. ಪಾಯಿಖಾನೆಗೆ ಹೋಗಬೇಕಾದದ್ದು ಮಲ, ಮೂತ್ರ, ನೀರು ಮಾತ್ರ. ಸ್ಯಾನಿಟರಿ ಪ್ಯಾಡು, ಮಗುವಿನ ಡೈಪರು, ಒದ್ದೆ ಒರೆಸುಬಟ್ಟೆ, ಗುಟ್ಕಾ ಚೀಟಿ ಯಾವುದೂ ಕರಗುವುದಿಲ್ಲ. ಪ್ಯಾಡಿನ ಮಾತು ಬಂದಾಗ ಮೊದಲು ಹುಡುಗರು ನಕ್ಕರು, ನಾನು ಅದೇ ಧ್ವನಿಯಲ್ಲಿ ಪಾಠ ಮುಂದುವರಿಸಿದೆ, ಸ್ವಲ್ಪ ಹೊತ್ತಿನಲ್ಲಿ ಅದೂ ಚರಟದಷ್ಟೇ ಸಾಮಾನ್ಯ ವಿಷಯವಾಯಿತು.

ಕರಾವಳಿಯವರಿಗೆ ತಟ್ಟನೆ ಹೊಳೆಯದ ಒಂದು ಅಂಶವಿದೆ. ಮಾಳಿಗೆಯ ಮಳೆನೀರಿನ ಕೊಳವೆಯನ್ನು ಒಳಚರಂಡಿಗೆ ಜೋಡಿಸಬಾರದು. ಕೊಳಚೆಯ ಕೊಳವೆಯನ್ನು ಮನೆಯ ನೀರಿನ ಲೆಕ್ಕಕ್ಕೆ ಮಾತ್ರ ಮಾಡಿರುತ್ತಾರೆ. ಬೀದಿಯ ಹತ್ತು ಮಾಳಿಗೆಗಳ ಮಳೆ ಅದರೊಳಗೆ ಬಿದ್ದರೆ ತಗ್ಗಿನ ಮನೆಯ ಪಾಯಿಖಾನೆಯಲ್ಲಿ ಕೊಳಚೆ ಉಕ್ಕುತ್ತದೆ. ಬೀದಿಯಲ್ಲಿ ನೀರು ನಿಂತಿತೆಂದು ಆಳುಗುಂಡಿಯ ಮುಚ್ಚಳ ತೆಗೆಯುವುದೂ ಇದೇ ತಪ್ಪು, ಜೊತೆಗೆ ನಡೆಯುವವರು ಬಿದ್ದು ಸಾಯುವ ಅಪಾಯ.

ಹೋಟೆಲಿನ ಬಗ್ಗೆ ಹೇಳಿದವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. ಅವಳ ಚಿಕ್ಕಪ್ಪನ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಜಾಗದ ಕೆಳಗೆ ಒಂದು ತೊಟ್ಟಿ ಇದೆಯಂತೆ, ವಾರದ ರಜೆಯ ದಿನ ಅದರ ಮೇಲಿನ ಕೆನೆಯಂಥದ್ದನ್ನು ತೆಗೆದು ಹಾಕುತ್ತಾರಂತೆ. ಅದು ಜಿಡ್ಡು ಹಿಡಿಯುವ ತೊಟ್ಟಿ. ನೀರು ಅದರಲ್ಲಿ ನಿಧಾನಿಸಿ ತಣ್ಣಗಾಗುವಾಗ ಎಣ್ಣೆ ಮೇಲೆ ತೇಲುತ್ತದೆ, ಅಗುಳು ತಳದಲ್ಲಿ ಕೂರುತ್ತದೆ, ನಡುವಿನ ನೀರು ಮಾತ್ರ ಚರಂಡಿಗೆ ಹೋಗುತ್ತದೆ. ಸರಿಯಾಗಿ ತೆಗೆಯದಿದ್ದರೆ ಆ ತೊಟ್ಟಿ ಇದ್ದೂ ಇಲ್ಲದಂತೆ. ಕುಂದಾಪುರ, ಬೈಂದೂರು ಕಡೆಯವರು ನಡೆಸುವ ಹೋಟೆಲುಗಳು ಎಷ್ಟೊಂದು ನಗರಗಳಲ್ಲಿವೆ ಎಂದು ಯೋಚಿಸಿದರೆ, ಆ ತೊಟ್ಟಿಯನ್ನು ವಾರವಾರ ತೆಗೆಯುವುದು ನಮ್ಮ ಊರಿನವರು ಆ ನಗರಗಳಿಗೆ ಮಾಡಬಹುದಾದ ದೊಡ್ಡ ಉಪಕಾರವೇ.

ಇಳಿಯುವವರು ಯಾರು

ಮೂರನೆಯ ಪೀರಿಯಡ್‌ನ ಆರಂಭದಲ್ಲಿ ಒಬ್ಬ ಹುಡುಗ ನನ್ನ ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ ಕೇಳಿದ. ಯಂತ್ರ ಬರುವ ಮೊದಲು ಕಟ್ಟಿಕೊಂಡ ಚರಂಡಿಯನ್ನು ಯಾರು ಬಿಡಿಸುತ್ತಿದ್ದರು ಎಂದು. ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದೆ. ಮನುಷ್ಯರು ಇಳಿಯುತ್ತಿದ್ದರು, ಈಗಲೂ ಅಲ್ಲಲ್ಲಿ ಇಳಿಯುತ್ತಾರೆ. ಯಾರು ಇಳಿಯಬೇಕು ಎಂಬುದನ್ನು ನಮ್ಮ ಸಮಾಜ ಜಾತಿಯಿಂದ ಗೊತ್ತುಮಾಡಿತ್ತು. ಆಳುಗುಂಡಿ ಎಂಬ ಹೆಸರಿನಲ್ಲೇ ಆಳು ಇದ್ದಾನೆ.

ಅಪಾಯ ಯಾವುದೆಂದು ವಿಜ್ಞಾನದಿಂದ ವಿವರಿಸಿದೆ. ಹರಿಯದೆ ನಿಂತ ಕೊಳಚೆಯಲ್ಲಿ ಗಾಳಿ ಬೇಡದ ಸೂಕ್ಷ್ಮಜೀವಿಗಳು ಬೆಳೆದು ಹೈಡ್ರೋಜನ್ ಸಲ್ಫೈಡ್ ಅನಿಲ ಉಂಟಾಗುತ್ತದೆ. ಅದು ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ನಾತ ತಿಳಿಯುವುದಿಲ್ಲ, ಕೆಲವೇ ಉಸಿರಿನಲ್ಲಿ ಪ್ರಜ್ಞೆ ಹೋಗುತ್ತದೆ. ಮೊದಲು ಇಳಿದವನನ್ನು ಎತ್ತಲು ಎರಡನೆಯವನು ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಮನೆಯ ಸೆಪ್ಟಿಕ್ ಟ್ಯಾಂಕಿನಲ್ಲೂ ಇದೇ ಅನಿಲವಿರುತ್ತದೆ. ಹಾಗಾಗಿ ಈ ಮಾತು ಬಿಜೂರಿಗೂ ಸಲ್ಲುತ್ತದೆ.

ಕಾನೂನಿನ ದಾರಿಯನ್ನೂ ಹೇಳಿದೆ. ನಮ್ಮ ಜಿಲ್ಲೆಯ ಉಡುಪಿ ಪುರಸಭೆ, ಡಾ. ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. 2013ರ ಕೇಂದ್ರ ಕಾಯ್ದೆ ಮಲ ಹೊರುವ ಕೆಲಸವನ್ನು ಮತ್ತು ರಕ್ಷಣೆಯಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟು, ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲಿ ಎಲ್ಲ ನಗರಗಳೂ ಆಳು ಇಳಿಯುವ ಗುಂಡಿಯಿಂದ ಯಂತ್ರ ಇಳಿಯುವ ಗುಂಡಿಗೆ ಬದಲಾಗಬೇಕೆಂಬ ಗುರಿ ಹೇಳಲಾಯಿತು. ಇಷ್ಟಾದರೂ ಸಾವಿನ ಸುದ್ದಿ ನಿಂತಿಲ್ಲ. ಕಾನೂನು ತಿಳಿಯದವರು, ತಿಳಿದೂ ಖರ್ಚು ಉಳಿಸಲು ನೋಡುವವರು, ಒಬ್ಬ ಬಡವನನ್ನು ಕರೆದು ಕೆಳಗಿಳಿಸುತ್ತಾರೆ. ಅವನು ಇಳಿಯಬೇಕಾಗಿ ಬರುವುದು ನಾವು ಸಿಂಕಿಗೆ, ಪಾಯಿಖಾನೆಗೆ ಹಾಕಿದ ವಸ್ತುವನ್ನು ಎತ್ತಲಿಕ್ಕೆ.

ವಿಶ್ವೇಶ್ವರಯ್ಯನವರ ಜೀವನದ ಒಂದು ಘಟ್ಟವನ್ನು ಇಲ್ಲಿ ಬಿಡುವಂತಿರಲಿಲ್ಲ. 1918ರಲ್ಲಿ ಮೈಸೂರು ಮಹಾರಾಜರು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪಾಲನ್ನು ಹೆಚ್ಚಿಸುವ ದಾರಿ ತಿಳಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂಬ ನಿಲುವಿನ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅವರು ಪದವಿ ಬಿಟ್ಟರು. ಇಳಿಜಾರಿನ ಲೆಕ್ಕವನ್ನು ಅಷ್ಟು ಚೊಕ್ಕವಾಗಿ ಹಾಕಿದ ಇಂಜಿನಿಯರರ ಕೈಗೂ ಸಮಾಜದ ಏರುತಗ್ಗಿನ ಲೆಕ್ಕ ಸುಲಭಕ್ಕೆ ಸಿಗಲಿಲ್ಲ. ದೊಡ್ಡವರ ಜೀವನ ಹೇಳುವಾಗ ಇಂಥ ಕಡೆ ಪುಟ ಮಗುಚಬಾರದು ಎಂದು ನನ್ನ ಅಭಿಪ್ರಾಯ. ಎಂಟನೆಯ ತರಗತಿಯ ಮಕ್ಕಳು ಗೌರವ, ಪ್ರಶ್ನೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಲ್ಲರು.

ಕೊನೆಯ ವರ್ಷಗಳು ಮತ್ತು ಮೌಲ್ಯಮಾಪನ

ದಿವಾನಗಿರಿ ಬಿಟ್ಟ ಮೇಲೂ ಅವರು ವಿಶ್ರಮಿಸಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದರು, ಒರಿಸ್ಸಾದ ನೆರೆಯ ಬಗ್ಗೆ ವರದಿ ಕೊಟ್ಟರು, 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ದಾಟಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಮೌಲ್ಯಮಾಪನಕ್ಕೆ ಇಸವಿಗಳನ್ನು ಕೇಳುವ ಐದು ಪ್ರಶ್ನೆ ಇಟ್ಟೆ, ಒಂದು ಮನೆಗೆಲಸ ಕೊಟ್ಟೆ. ಮನೆಯಿಂದ ಹೊರಹೋಗುವ ನೀರಿನ ದಾರಿಯನ್ನು ಕೊನೆಯವರೆಗೆ ನೋಡಿ ಚಿತ್ರ ಬರೆಯುವುದು, ಸೆಪ್ಟಿಕ್ ಟ್ಯಾಂಕಿನ ಗುಂಡಿಗೂ ಬಾವಿಗೂ ಎಷ್ಟು ಹೆಜ್ಜೆ ಎಂದು ಎಣಿಸುವುದು. ಚಿತ್ರಗಳು ಬಂದಾಗ ಹೆಚ್ಚಿನವರು ತೆಂಗಿನ ಮರವನ್ನು ಚೆನ್ನಾಗಿ ಬರೆದಿದ್ದರು. ಕೆಲವರ ಚಿತ್ರದಲ್ಲಿ ಬಾವಿ ಗುಂಡಿಗೆ ತೀರಾ ಹತ್ತಿರವಿತ್ತು. ನಮ್ಮಲ್ಲಿ ಮುರಕಲ್ಲಿನ ನೆಲ, ಅದರ ತೂತುಗಳಲ್ಲಿ ನೀರು ಬೇಗ ಓಡುತ್ತದೆ, ಮಳೆಗಾಲದಲ್ಲಿ ಬಾವಿಯ ನೀರು ಮೇಲಕ್ಕೆ ಬರುತ್ತದೆ. ಅಂಥ ಮನೆಗಳಲ್ಲಿ ನೀರು ಕುದಿಸಿ ಕುಡಿಯಬೇಕು, ಹೊಸ ಗುಂಡಿ ತೋಡುವಾಗ ಬಾವಿಯಿಂದ ದೂರಕ್ಕೆ, ತಗ್ಗಿನ ಕಡೆಗೆ ತೋಡಬೇಕು, ಗುಂಡಿ ತುಂಬಿದರೆ ಸಕ್ಕಿಂಗ್ ಗಾಡಿಯನ್ನೇ ಕರೆಸಬೇಕು, ಒಳಗೆ ಯಾರನ್ನೂ ಇಳಿಸಬಾರದು ಎಂದು ಪುಸ್ತಕದಲ್ಲಿ ಬರೆಸಿ, ಮನೆಯವರ ಸಹಿ ತರಲು ಹೇಳಿದೆ.

ಈ ಪಾಠವನ್ನು ಬೇರೆ ಶಾಲೆಯಲ್ಲಿ ಹೇಳುವ ಪ್ರಶಿಕ್ಷಣಾರ್ಥಿಗಳಿಗೆ ಒಂದೆರಡು ಸೂಚನೆ. ದಂಬೆ ಸಿಗದ ಊರಿನಲ್ಲಿ ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪು ಸಾಕು. ಬಿಸಿ ಎಣ್ಣೆಯನ್ನು ಶಿಕ್ಷಕರೇ ಸುರಿಯಬೇಕು. ಪಟ್ಟಣದ ಶಾಲೆಯಾದರೆ ಶಾಲೆಯ ಚೇಂಬರ್ ಎಲ್ಲಿದೆ ಎಂದು ಮಕ್ಕಳಿಗೆ ಹೊರಗಿನಿಂದ ತೋರಿಸಿ, ಮುಚ್ಚಳ ಮಾತ್ರ ತೆಗೆಯಬೇಡಿ. ಮೂರು ಪೀರಿಯಡ್‌ಗಳಲ್ಲಿ ಕೊನೆಯದನ್ನು ಪೂರ್ತಿಯಾಗಿ ಮಕ್ಕಳ ಪ್ರಶ್ನೆಗೆ ಬಿಡಿ. ಯಾರು ಇಳಿಯುತ್ತಾರೆ ಎಂಬ ಪ್ರಶ್ನೆ ಯಾವ ತರಗತಿಯಲ್ಲೂ ಬಂದೇ ಬರುತ್ತದೆ, ಬರದಿದ್ದರೆ ನೀವೇ ಕೇಳಿ.